ಶಬರಿ ಕಚ್ಚಿ ನೋಡಿದ ಹಣ್ಣು, ಅದರೊಳಗಿನ ಹುಳ

ಪುಷ್ಯ ಮಾಸದ ಒಂದು ಮುಂಜಾನೆ ಸುರೇಬಾನದಿಂದ ಶಬರಿಕೊಳ್ಳಕ್ಕೆ ಹೊರಟಿದ್ದೆ. ಹಾದಿಯ ಬದಿಯಲ್ಲಿ ವಯಸ್ಸಾದ ಒಬ್ಬಾಕೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬುಟ್ಟಿಯಲ್ಲಿ ಜವಾರಿ ಬಾರಿ ಹಣ್ಣು. ಕಡಲೆಕಾಳಿಗಿಂತ ದೊಡ್ಡದು, ಗೋಲಿಗುಂಡಿಗಿಂತ ಸಣ್ಣದು. ಅರ್ಧ ಹಳದಿ, ಅರ್ಧ ಕೆಂಪು. ಒಂದು ಗಿದ್ನಾ ಅಳೆಸಿಕೊಂಡು, “ಹುಳ ಅದಾವೇನವ್ವಾ?” ಎಂದು ಕೇಳಿದೆ.

“ಹುಳ ಇರದ ಬಾರಿಹಣ್ಣ ನಾ ಎಲ್ಲಿಂದ ತರ್ಲೋ ಯಪ್ಪಾ? ಬಿಡಿಸಿ ನೋಡಿ ತಿನ್ನು. ಶಬರವ್ವ ಕಚ್ಚಿ ನೋಡಿ ಕೊಟ್ಟಾಳ, ನಿನಗ ನೋಡಾಕ ಏನಾಗೇತಿ?”

ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಶಬರಿ ಹಣ್ಣು ಕಚ್ಚಿ ನೋಡಿದ್ದು ಹುಳಿಯೋ ಸಿಹಿಯೋ ತಿಳಿಯಲಿಕ್ಕೆ ಎಂದೇ ನಾವೆಲ್ಲ ಕೇಳುತ್ತ ಬಂದಿದ್ದೇವೆ. ಬುಟ್ಟಿಯ ಮುದುಕಿ ಅದಕ್ಕೆ ಇನ್ನೊಂದು ಕಾರಣ ಹೇಳಿದಳು. ಬಾರಿ ಕಂಟಿಯ ನೆರಳಲ್ಲಿ ಬೆಳೆದವರಿಗೆ ಮಾತ್ರ ಹೊಳೆಯುವ ಕಾರಣ ಅದು. ಹಣ್ಣು ಹೊರಗೆ ಎಷ್ಟೇ ಚಂದ ಇರಲಿ, ಬಿಡಿಸುವ ತನಕ ಬಾರಿಯನ್ನು ನಂಬುವಂತಿಲ್ಲ.

ವಾಲ್ಮೀಕಿ ರಾಮಾಯಣದ ಶಬರಿ ಪಂಪೆಯ ದಡದ ಕಾಡಿನಲ್ಲಿ ಸಿಕ್ಕಿದ್ದನ್ನು ರಾಮನಿಗಾಗಿ ಕೂಡಿಸಿಟ್ಟವಳು. ಕಚ್ಚಿ ರುಚಿ ನೋಡಿದ ಮಾತು ಅಲ್ಲಿ ಇಲ್ಲ. ಅದು ಮುಂದೆ ಭಕ್ತರ, ಜನಪದರ ಬಾಯಲ್ಲಿ ಬೆಳೆದದ್ದು. ಆನೆಗೊಂದಿಯ ಕಡೆಯವರು ಪಂಪಾ ಸರೋವರದ ಹತ್ತಿರ ಶಬರಿಯ ಗವಿ ತೋರಿಸುತ್ತಾರೆ, ರಾಮದುರ್ಗ ತಾಲೂಕಿನವರು ಈ ಕೊಳ್ಳ ತೋರಿಸುತ್ತಾರೆ. ಯಾವುದು ಖರೆ ಎಂಬ ತಕರಾರು ನನಗೆ ಬೇಡ. ಕಚ್ಚಿ ನೋಡಿದ ಪ್ರಸಂಗವನ್ನು ಕಥೆಗೆ ಸೇರಿಸಿದವರು ಯಾರೇ ಇರಲಿ, ಬಾರಿ ಹಣ್ಣು ತಿಂದು ಅನುಭವ ಇದ್ದವರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ನಮ್ಮ ಈ ನಾಲ್ಕು ತಾಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದು ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿ ದಾಟಿ, ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯನ್ನು ಮುಟ್ಟಿ, ಸವದತ್ತಿಯ ನವಿಲುತೀರ್ಥದಲ್ಲಿ ಗುಡ್ಡ ಸೀಳಿಕೊಂಡು ರಾಮದುರ್ಗಕ್ಕೆ ಇಳಿಯುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ, ಮುಳ್ಳು ಹೆಚ್ಚು. ಕಿತ್ತೂರಿನ ಕಡೆ ಮಲೆನಾಡಿನ ಸೆರಗು, ಕವಳಿ ಹಣ್ಣು, ನೇರಲ, ಮಾವು. ಬೈಲಹೊಂಗಲದಲ್ಲಿ ಎರಿ ಹೊಲ, ವಡ್ಡಿನ ಮೇಲೆ ಜಾಲಿ, ಬೇವು, ನಡುವೆ ಅಲ್ಲೊಂದು ಇಲ್ಲೊಂದು ಬಾರಿ. ಸವದತ್ತಿಯ ಮಡ್ಡಿ ಹೊಲಕ್ಕೆ ಬಂದರೆ ಬಾರಿಯದೇ ರಾಜ್ಯ. ಎಲ್ಲಮ್ಮನ ಗುಡ್ಡದ ಬೆನ್ನಿನ ಮೇಲೂ, ರಾಮದುರ್ಗದ ಕೆಂಪು ಕಲ್ಲಿನ ಸಾಲಿನ ಮೇಲೂ ಯಾರೂ ನೆಡದ, ಯಾರೂ ನೀರು ಹಾಕದ ಗಿಡ ಇದು. ಇದರ ಮುಳ್ಳು ಜೋಡಿಜೋಡಿ. ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಬಾಗಿದ್ದು. ನೆಟ್ಟಗಿನದು ಚುಚ್ಚುತ್ತದೆ, ಬಾಗಿದ್ದು ಹಿಡಿದು ನಿಲ್ಲಿಸುತ್ತದೆ. ಕುರಿ ದೊಡ್ಡಿಯ ಸುತ್ತ ಇದೇ ಮುಳ್ಳು ಎಳೆದು ಹಾಕುತ್ತಿದ್ದದ್ದು ಅದಕ್ಕೇ.

ಹಳೇ ಮೈಸೂರಿನವರು ಇದನ್ನು ಎಲಚಿ ಎನ್ನುತ್ತಾರೆ, ಕೆಲವರು ಬೋರೆ ಎನ್ನುತ್ತಾರೆ, ನಮಗೆ ಇದು ಬಾರಿ. ‘ಬಡವರ ಸೇಬು’ ಎಂಬ ಹೆಸರೂ ಇದಕ್ಕಿದೆ. ಕುಲ ನೋಡಿದರೆ ಸೇಬಿಗೂ ಇದಕ್ಕೂ ನೇರ ನಂಟಿಲ್ಲ. ಸೇಬು ಗುಲಾಬಿಯ ಮನೆತನದ್ದು, ಬಾರಿ ಬೇರೆಯೇ ಮನೆತನ. ಆದರೆ ಸಿ ಜೀವಸತ್ವದ ಲೆಕ್ಕ ತೆಗೆದರೆ ಪೇಟೆಯ ಸೇಬು ನಮ್ಮ ಮಡ್ಡಿಯ ಬಾರಿಯ ಹತ್ತಿರಕ್ಕೂ ಬರುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸಣ್ಣ ಮಕ್ಕಳನ್ನು ಕೂರಿಸಿ ತಲೆಯ ಮೇಲೆ ಚುರುಮುರಿ, ಕಬ್ಬಿನ ತುಂಡುಗಳ ಜೊತೆ ಬಾರಿ ಹಣ್ಣು ಎರೆಯುವ ರೂಢಿ ಈ ಕಡೆ ಇನ್ನೂ ಇದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಜನ ಏರುವ ಕಾಲವೂ, ಬಾರಿ ಹಣ್ಣಾಗುವ ಕಾಲವೂ ಒಂದೇ.

ನನ್ನ ಆಯಿ ಬಾರಿ ತಿನ್ನಲು ಕಲಿಸಿದ ರೀತಿ ಹೀಗಿತ್ತು: ಮೊದಲು ಹಣ್ಣನ್ನು ಬೆರಳಲ್ಲಿ ತಿರುಗಿಸಿ ಗುಂಡಿ ಬಿದ್ದಿದೆಯೇ ನೋಡು. ಆಮೇಲೆ ಎರಡು ಹೆಬ್ಬೆರಳಿಂದ ಒತ್ತಿ ಸೀಳು. ಬೀಜದ ಸುತ್ತ ಕಂದು ಪುಡಿ ಕಂಡರೆ ಕೋಳಿಗೆ ಒಗೆ. ಆ ಗುಂಡಿಯ ಅರ್ಥ ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಅದು ನೊಣದ ಸೂಜಿ ಚುಚ್ಚಿದ ಜಾಗ.

ಬಾರಿ ಹಣ್ಣಿನ ನೊಣಕ್ಕೆ ಶಾಸ್ತ್ರದವರು ಇಟ್ಟ ಹೆಸರು ಕಾರ್ಪೊಮಿಯ ವೆಸುವಿಯಾನ. 1854ರಲ್ಲಿ ಇಟಲಿಯ ಕೋಸ್ಟಾ ಎಂಬ ಕೀಟತಜ್ಞ ಇದನ್ನು ವರ್ಣಿಸಿದ. ನೇಪಲ್ಸಿನ ನೆತ್ತಿಯ ಮೇಲಿರುವ ವೆಸುವಿಯಸ್ ಬೆಂಕಿಬೆಟ್ಟದ ಹೆಸರು ಸವದತ್ತಿಯ ಗುಡ್ಡದ ನೊಣಕ್ಕೂ ಅಂಟಿಕೊಂಡಿದೆ. ಮನೆಯ ನೊಣಕ್ಕಿಂತ ಸಣ್ಣದು, ಹಳದಿ ಮೈ, ಬೆನ್ನ ಮೇಲೆ ಕರಿ ಚುಕ್ಕೆ, ರೆಕ್ಕೆಯ ಮೇಲೆ ಹಳದಿ ಪಟ್ಟೆ. ನೋಡಲು ಚೆಲುವೆಯೇ. ಬಾರಿ ಕುಲದ ಗಿಡಗಳನ್ನು ಬಿಟ್ಟು ಬೇರೆ ಹಣ್ಣಿನ ತಂಟೆಗೆ ಇದು ಹೋಗುವುದಿಲ್ಲ.

ಬಾರಿ ಹೂ ಬಿಡುವುದು ಶ್ರಾವಣದಿಂದ ದಸರೆಯ ತನಕ. ಹೂ ಉದುರಿ ಕಾಯಿ ಬಟಾಣಿಯಷ್ಟಾದಾಗ ಹೆಣ್ಣು ನೊಣ ಬಂದು ಕೂರುತ್ತದೆ. ಸಿಪ್ಪೆಯ ಕೆಳಗೆ ಚುಚ್ಚಿ ತತ್ತಿ ಇಡುತ್ತದೆ. ಎರಡು-ಮೂರು ದಿನದಲ್ಲಿ ತತ್ತಿ ಒಡೆದು ಕಾಲಿಲ್ಲದ ಬೆಳ್ಳನೆಯ ಹುಳ ಹೊರಬಂದು, ತಿರುಳು ಕೊರೆಯುತ್ತ ಬೀಜದ ಕಡೆ ಸಾಗುತ್ತದೆ. ಚುಚ್ಚಿದ ಜಾಗ ಬೆಳೆಯದೆ ಒಳಕ್ಕೆ ಸೇದಿಕೊಳ್ಳುತ್ತದೆ, ಸುತ್ತಲಿನ ತಿರುಳು ಬೆಳೆಯುತ್ತ ಹೋಗುತ್ತದೆ. ಆಯಿ ತೋರಿಸಿದ ಗುಂಡಿ ಹುಟ್ಟುವುದು ಹೀಗೆ. ಹುಳ ಬಲಿತ ಮೇಲೆ ಹಣ್ಣಿಗೆ ತೂತು ಮಾಡಿ ನೆಲಕ್ಕೆ ಬೀಳುತ್ತದೆ. ಇಲ್ಲವೇ ಹಣ್ಣೇ ಉದುರುತ್ತದೆ, ಹುಳ ಅದರೊಳಗಿಂದ ಎದ್ದು ಮಣ್ಣು ಸೇರುತ್ತದೆ. ಮಣ್ಣಿನಲ್ಲಿ ಕೆಲವೇ ಅಂಗುಲ ಕೆಳಗೆ ಗೋಧಿಬಣ್ಣದ ಕೋಶ ಕಟ್ಟಿ ಮಲಗುತ್ತದೆ. ಹಂಗಾಮು ಇನ್ನೂ ಇದ್ದರೆ ಬೇಗ ಎದ್ದು ಮತ್ತೊಂದು ಪೀಳಿಗೆ ಹುಟ್ಟಿಸುತ್ತದೆ. ಹಂಗಾಮು ಮುಗಿದಿದ್ದರೆ ಬೇಸಿಗೆಯನ್ನೆಲ್ಲ ಅಲ್ಲೇ ಕಳೆದು ಮುಂದಿನ ಕಾಯಿಯ ಹೊತ್ತಿಗೆ ಏಳುತ್ತದೆ. ಮೊದಲ ಹಣ್ಣಿಗಿಂತ ಸಂಕ್ರಾಂತಿ ದಾಟಿದ ಹಣ್ಣಿನಲ್ಲಿ ಹುಳ ಹೆಚ್ಚು ಎಂದು ನಮ್ಮ ಕಡೆಯವರು ಹೇಳುವುದು ಈ ಪೀಳಿಗೆಗಳ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.

ಬಾರಿಯೊಳಗಿನ ಹುಳವೆಲ್ಲ ನೊಣದ್ದೇ ಎಂದು ತಿಳಿಯಬಾರದು. ಕೆಂಪು ಛಾಯೆಯ, ಕಾಲುಳ್ಳ ಹುಳ ಕಂಡರೆ ಅದು ಮೆರಿಡಾರ್ಕಿಸ್ ಎಂಬ ಸಣ್ಣ ಪತಂಗದ ಮರಿ. ಬೀಜದ ಸುತ್ತ ಹಿಕ್ಕೆ ತುಂಬಿಸಿಡುವುದು ಇದರ ಚಾಳಿ. ಇನ್ನೊಂದು ಸೊಂಡಿಲ ದುಂಬಿ, ಆಬಿಯಸ್. ಇದರ ಮರಿ ತಿರುಳನ್ನು ಬಿಟ್ಟು ನೇರ ಬೀಜಕ್ಕೇ ಬಾಯಿ ಹಾಕುತ್ತದೆ. ಬೀಜ ಸತ್ತ ಕಾಯಿ ದೊಡ್ಡದಾಗುವುದೇ ಇಲ್ಲ, ಗುಂಡಗೆ ಗಿಡದಲ್ಲೇ ನಿಂತುಬಿಡುತ್ತದೆ.

ಎಲೆಗೂ ತೊಗಟೆಗೂ ಬೇರೆ ಬೇರೆ ಒಕ್ಕಲು. ತಿಯಾಸಿಡಾಸ್ ಎಂಬ ಕಂಬಳಿಹುಳ ಗುಂಪುಗೂಡಿ ಬಂದರೆ ಟೊಂಗೆ ಬೋಳಾಗುತ್ತದೆ. ತೊಗಟೆ ತಿನ್ನುವ ಹುಳ ಹಗಲೆಲ್ಲ ಟೊಂಗೆ ಕವಲೊಡೆದಲ್ಲಿ ತೂತಿನೊಳಗೆ ಅಡಗಿದ್ದು, ರಾತ್ರಿ ತಾನೇ ನೇಯ್ದ ನೂಲು-ಹಿಕ್ಕೆಯ ಪಟ್ಟಿಯ ಕೆಳಗೆ ಹರಿದಾಡುತ್ತ ಮೇಯುತ್ತದೆ. ಹಳೆಯ ಬಾರಿಯ ಬೊಡ್ಡೆಯ ಮೇಲೆ ಕಂದು ಹಗ್ಗ ಅಂಟಿಸಿದಂತೆ ಕಂಡರೆ ಅದು ಇದೇ. ಪಟ್ಟಿ ಕೆರೆದು ತೂತಿಗೆ ತಂತಿ ಆಡಿಸಿದರೆ ಹುಳ ಸಾಯುತ್ತದೆ. ಬಿಳಿ ರೆಕ್ಕೆಯ ಮೇಲೆ ಕರಿ ಚುಕ್ಕೆಯ ಪುಟ್ಟ ಚಿಟ್ಟೆಯೊಂದು ಬಾರಿ ಕಂಟಿಯ ಸುತ್ತಲೇ ನೆಲಕ್ಕೆ ಹತ್ತಿ ಹಾರುತ್ತಿರುತ್ತದೆ. ಅದರ ಹಸಿರು ಮರಿ ಬಾರಿಯ ಎಲೆ ತಿಂದು ಬೆಳೆಯುವಾಗ ಇರುವೆಗಳು ಅದರ ಕಾವಲಿಗೆ ನಿಲ್ಲುತ್ತವೆ. ಅದನ್ನು ಪೀಡೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಅರಗಿನ ಹುಳದ ಮಾತಂತೂ ಬೇರೆಯೇ. ಮುತ್ತುಗ, ಬಾರಿ, ಕುಸುಮ ಈ ಮೂರು ಗಿಡಗಳ ರಸ ಹೀರಿ ಅರಗು ಸುರಿಸುವ ಕೀಟ ಅದು. ಗಿಡದ ಲೆಕ್ಕದಲ್ಲಿ ಅದೂ ಪೀಡೆಯೇ. ಜಾರ್ಖಂಡದವರು ಅದಕ್ಕಾಗಿಯೇ ಬಾರಿ ಬೆಳೆಸುತ್ತಾರೆ. ಅದನ್ನು ಅಭ್ಯಾಸ ಮಾಡಲು ರಾಂಚಿಯ ನಾಮಕುಮ್‌ನಲ್ಲಿ 1924ರಲ್ಲಿಯೇ ಸಂಸ್ಥೆ ಹುಟ್ಟಿತು. ಪಾಂಡವರನ್ನು ಸುಡಲು ಕಟ್ಟಿದ ಮನೆಗೂ ಅಕ್ಕಸಾಲಿಗನ ಪೊಳ್ಳು ಗುಂಡಿನ ಒಳಗಿನ ತುಂಬುಗಾರಿಕೆಗೂ ಮೂಲ ಅದೇ ಹುಳ. ಯಾವ ಹುಳ ಶತ್ರು, ಯಾವುದು ದುಡಿಮೆಗಾರ ಎಂಬುದು ನಾವು ಗಿಡದ ಯಾವ ಭಾಗ ಬಯಸುತ್ತೇವೆ ಎಂಬುದರ ಮೇಲಿದೆ.

ಬೈಲಹೊಂಗಲ, ಕಿತ್ತೂರಿನ ಕಬ್ಬಿನವರಿಗೆ ಬಾರಿಯ ಮೇಲೆ ಒಂದು ಸಿಟ್ಟಿದೆ. ಅದಕ್ಕೆ ಕಾರಣ ಗೊಣ್ಣೆಹುಳ. ರೋಹಿಣಿ ಮಳೆಯ ಮೊದಲ ಹನಿ ನೆಲ ತೋಯಿಸಿದ ಸಂಜೆ, ಮಣ್ಣೊಳಗಿಂದ ಕಂದು ದುಂಬಿಗಳು ಗುಂಯ್ ಎಂದು ಏಳುತ್ತವೆ. ಬೇವು, ಜಾಲಿ, ಬಾರಿಯ ಮೇಲೆ ಕೂತು ರಾತ್ರಿಯಿಡೀ ಎಲೆ ಮೇದು, ಜೊತೆಗೂಡಿ, ಬೆಳಗಾಗುವ ಮುಂಚೆ ಮತ್ತೆ ನೆಲ ಸೇರುತ್ತವೆ. ಅವು ಇಟ್ಟ ತತ್ತಿಯಿಂದ ಬಂದ ಗೊಣ್ಣೆ ಕಬ್ಬು, ಶೇಂಗಾದ ಬೇರು ಕಡಿದು ಪಟ್ಟೆಪಟ್ಟೆಯಾಗಿ ಬೆಳೆ ಒಣಗಿಸುತ್ತದೆ. ಹಾಗಾಗಿ “ವಡ್ಡಿನ ಮ್ಯಾಲಿನ ಬಾರಿ ಕಡದ್ರ ಗೊಣ್ಣಿ ಹೊಕ್ಕೈತಿ” ಎಂದು ಜೆಸಿಬಿ ಕರೆಸಿ ಬುಡಸಮೇತ ಕೀಳಿಸುವವರಿದ್ದಾರೆ.

ನಾನು ಇದನ್ನು ಒಪ್ಪುವುದಿಲ್ಲ. ಬಾರಿ ಇಲ್ಲದಿದ್ದರೆ ದುಂಬಿ ಬೇವಿಗೆ ಹೋಗುತ್ತದೆ, ಬೇವು ಇಲ್ಲದಿದ್ದರೆ ಜಾಲಿಗೆ. ಆದರೆ ವಡ್ಡಿನ ಮೇಲೆ ಒಂದು ಗುರುತಿನ ಗಿಡ ಇದ್ದರೆ ದುಂಬಿ ಎಲ್ಲಿ ಕೂತಿದೆ ಎಂಬುದಾದರೂ ಗೊತ್ತಿರುತ್ತದೆ. ಮೊದಲ ಮಳೆಯ ರಾತ್ರಿ ಬ್ಯಾಟರಿ ಹಿಡಿದು ಹೋಗಿ, ಕೆಳಗೆ ತಾಡಪತ್ರಿ ಹಾಸಿ, ಟೊಂಗೆ ಅಲುಗಿಸಿ, ಬಿದ್ದ ದುಂಬಿಯನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಕೃಷಿ ವಿಜ್ಞಾನಿಗಳು ಬಹಳ ಕಾಲದಿಂದ ಹೇಳುತ್ತ ಬಂದ ಉಪಾಯ. ಒಬ್ಬನೇ ಮಾಡಿದರೆ ಏನೂ ಆಗದು, ಊರು ಕೂಡಿ ಮಾಡಿದರೆ ಗೊಣ್ಣೆ ಇಳಿಯುತ್ತದೆ. ಒಂದು ಹೆಣ್ಣು ದುಂಬಿ ತತ್ತಿ ಇಡುವ ಮುಂಚೆ ಸಿಕ್ಕರೆ ಅಷ್ಟೂ ಗೊಣ್ಣೆ ಹುಟ್ಟುವ ಮೊದಲೇ ಮುಗಿದಂತೆ. ಬಾರಿ ಕಡಿದವನು ಆ ಬಲೆಯನ್ನೇ ಹರಿದುಕೊಂಡಂತೆ.

ಇತ್ತೀಚಿನ ವರ್ಷಗಳಲ್ಲಿ ನೀರಾವರಿ ಇದ್ದ ಕಡೆ ‘ಆ್ಯಪಲ್ ಬೋರೆ’ ಬಂದಿದೆ. ನಿಂಬೆಗಿಂತ ದೊಡ್ಡ, ಹಸಿರು, ಹೊಳೆಯುವ ಕಾಯಿ. ಅದಕ್ಕೂ ಮುಂಚೆ ಉಮ್ರಾನ್, ಗೋಲಾ, ಕೈಥಲಿ ಎಂಬ ಉತ್ತರದ ತಳಿಗಳಿದ್ದವು. ‘ಸೇಬ್’ ಎಂದೇ ಹೆಸರಿನ ತಳಿಯೂ ಇದೆ. ನೊಣಕ್ಕೆ ಇವು ಹಬ್ಬದೂಟ. ಜವಾರಿ ಬಾರಿಯಲ್ಲಿ ಬೀಜವೇ ದೊಡ್ಡದು, ತಿರುಳು ತೆಳು. ಇಲ್ಲಿ ತಿರುಳೇ ತಿರುಳು. ಗುಡ್ಡದ ನೊಣ ಇಳಿದು ತೋಟಕ್ಕೆ ಬರುವುದರಲ್ಲಿ ಆಶ್ಚರ್ಯವೇನಿದೆ? ಹೀಗೆ ಬರುವುದು ಈ ಮನೆತನದ ನೊಣಗಳ ಹಳೆಯ ಗುಣ. ಬಾರಿ ನೊಣದ ಹತ್ತಿರದ ನಂಟಿನ ಇನ್ನೊಂದು ನೊಣ ಅಮೆರಿಕದಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡದ ಸಣ್ಣ ಕಾಯಿಯನ್ನು ನಂಬಿ ಬದುಕಿತ್ತು. ವಲಸೆ ಬಂದವರು ಅಲ್ಲಿ ಸೇಬು ನೆಟ್ಟರು. 1860ರ ದಶಕದ ಹೊತ್ತಿಗೆ ಮುಳ್ಳುಗಿಡದ ನೊಣ ಸೇಬಿನ ಹುಳವಾಗಿ ತೋಟಗಳನ್ನು ಕಾಡತೊಡಗಿತು. ಒಂದು ಜೀವಿ ನಮ್ಮ ಕಣ್ಣೆದುರೇ ಎರಡಾಗುವುದು ಹೇಗೆ ಎಂದು ತಿಳಿಯಲು ವಿಜ್ಞಾನಿಗಳು ಇಂದಿಗೂ ಆ ನೊಣದ ಬೆನ್ನು ಬಿಟ್ಟಿಲ್ಲ.

ಸೇಬಿನ ತವರಿನಲ್ಲಿ ನಡೆದ ಇನ್ನೊಂದು ಕಥೆಯೂ ಇದೆ. ಕಾಡುಸೇಬಿನ ಮೂಲ ಮನೆ ಕಜಕಿಸ್ತಾನ ಮತ್ತು ಚೀನಾದ ಗಡಿಯ ತಿಯಾನ್ ಶಾನ್ ಬೆಟ್ಟ. ನಾವು ತಿನ್ನುವ ಸೇಬಿನ ಪೂರ್ವಜ ಮರಗಳು ಅಲ್ಲಿನ ಕಾಡಿನಲ್ಲಿ ಈಗಲೂ ಇವೆ. ಅಲ್ಮಾಟಿ ಎಂಬ ಊರ ಹೆಸರಿನಲ್ಲಿರುವ ‘ಅಲ್ಮಾ’ಕ್ಕೆ ಕಜಕ್ ಭಾಷೆಯಲ್ಲಿ ಸೇಬು ಎಂದೇ ಅರ್ಥ. ರಷ್ಯದ ಸಸ್ಯವಿಜ್ಞಾನಿ ವಾವಿಲೊವ್ 1929ರಲ್ಲಿ ಅಲ್ಲಿಗೆ ಹೋಗಿ, ಸೇಬಿನ ತವರು ಇದೇ ಎಂದು ಗುರುತಿಸಿದ. ಅದೇ ಬೆಟ್ಟಸಾಲಿನ ಚೀನಾದ ಕಡೆಯ ಇಲಿ ಕಣಿವೆಗೆ 1990ರ ದಶಕದಲ್ಲಿ ಅಗ್ರಿಲಸ್ ಎಂಬ ತೊಗಟೆ ಕೊರೆಯುವ ದುಂಬಿ ಹೊರಗಿನಿಂದ ಬಂದು ಹೊಕ್ಕಿತು. ಕಾಡುಸೇಬಿನ ಮರಗಳು ಗುಂಪುಗುಂಪಾಗಿ ಒಣಗಿದವು. ಆ ಮರಗಳಿಗೆ ಆ ದುಂಬಿಯ ಪರಿಚಯ ಇರಲಿಲ್ಲ.

ನಮ್ಮ ಬಾರಿಯ ಸ್ಥಿತಿ ಹಾಗಲ್ಲ. ಬಾರಿಯೂ ಅದರ ನೊಣವೂ ಕೂಡಿ ಬಾಳಿದ ಹಳಬರು. ನೊಣಕ್ಕೊಂದು ವೈರಿಯೂ ಇದೆ: ಫೋಪಿಯಸ್ ಕಾರ್ಪೊಮೈಯೇ ಎಂಬ ಪುಟ್ಟ ಕಣಜ. ಹೆಸರಿನಲ್ಲಿಯೇ ಬಾರಿ ನೊಣವನ್ನು ಹೊತ್ತುಕೊಂಡ ಈ ಕಣಜ ನೊಣದ ಸಂತತಿಯ ಒಳಗೇ ತನ್ನ ಸಂತತಿ ಬೆಳೆಸುತ್ತದೆ. ಇರುವೆ, ಗೊರವಂಕ, ಕೋಳಿ, ಕವುಜಗ ನೆಲದ ಹುಳವನ್ನು ಹೆಕ್ಕುತ್ತವೆ. ಹುಳ ತಿಂದೂ ಗಿಡ ಉಳಿದಿದೆ, ಗಿಡ ಉಳಿದದ್ದರಿಂದ ಹುಳವೂ ಉಳಿದಿದೆ.

ಈ ಲೆಕ್ಕದಲ್ಲಿ ನಾವು ಮರೆಯುವ ಒಂದು ಪಾತ್ರ ಇದೆ. ಅದು ಬಿದ್ದ ಹಣ್ಣು ತಿನ್ನುವವರದು. ಹುಳ ಬಿದ್ದ ಹಣ್ಣು ಮೊದಲು ಉದುರುತ್ತದೆ. ಉದುರಿದ ಹಣ್ಣಿನಿಂದ ಹುಳ ಮಣ್ಣಿಗೆ ಇಳಿಯುವ ಮುಂಚೆ ಅದನ್ನು ಯಾರಾದರೂ ಎತ್ತಿಕೊಂಡರೆ ಮುಂದಿನ ಪೀಳಿಗೆಗೆ ಕತ್ತರಿ ಬೀಳುತ್ತದೆ. ತೋಟದವರಿಗೆ ಹೇಳುವ ಮೊದಲ ಪಾಠವೂ ಇದೇ: ಉದುರಿದ ಹಣ್ಣು ದಿನವೂ ಆರಿಸಿ ಆಳವಾಗಿ ಹೂಳಿ, ಬೇಸಿಗೆಯಲ್ಲಿ ಗಿಡದ ಬುಡ ಅಗೆದು ಕೋಶಗಳನ್ನು ಬಿಸಿಲಿಗೆ ಹಾಕಿ, ಸುತ್ತಲ ಕಾಡುಬಾರಿಯ ಮೇಲೂ ಕಣ್ಣಿಡಿ. ಮಾವಿನ ತೋಟದಲ್ಲಿ ತೂಗುಹಾಕುವ ಮೀಥೈಲ್ ಯುಜಿನಾಲ್ ಬಲೆ ನೋಡಿ ಬಾರಿಗೂ ಅದೇ ತಂದು ಕಟ್ಟುವವರಿದ್ದಾರೆ. ಆ ವಾಸನೆಗೆ ಮಾವಿನ ನೊಣದ ಗಂಡು ಓಡಿ ಬರುತ್ತದೆ, ಬಾರಿ ನೊಣ ಬರುವುದಿಲ್ಲ. ಕೀಟನಾಶಕದ ಎಣ್ಣಿ ಹೊಡೆಯುವವರೂ ಬಹುತೇಕ ತಡವಾಗಿ ಹೊಡೆಯುತ್ತಾರೆ. ಕಾಯಿ ಬಟಾಣಿಯಷ್ಟಿದ್ದಾಗ ಕಾಣದ ನೊಣ ಹಣ್ಣು ಬಲಿತಾಗ ಹುಳವಾಗಿ ಕಾಣುತ್ತದೆ. ಆಗ ಹೊಡೆದ ಎಣ್ಣಿ ಒಳಗಿನ ಹುಳಕ್ಕಿಂತ ಮೊದಲು ತಿನ್ನುವ ಮಗುವಿನ ಹೊಟ್ಟೆ ಮುಟ್ಟುತ್ತದೆ. ಬಾರಿಗೆ ಸಿಪ್ಪೆ ಸುಲಿಯುವ ಪದ್ಧತಿ ಇಲ್ಲ ಎಂಬುದನ್ನು ಎಣ್ಣಿ ಹೊಡೆಯುವ ಕೈ ನೆನಪಿಡಬೇಕು. ಹುಳವಿದ್ದ ಜವಾರಿ ಬಾರಿಯನ್ನು ನಾನು ನೋಡಿ ಒಗೆಯಬಲ್ಲೆ. ಎಣ್ಣಿ ಇದ್ದ ಬಾರಿಯನ್ನು ಯಾವ ಶಬರಿಯೂ ಕಚ್ಚಿ ಕಂಡುಹಿಡಿಯಲಾರಳು.

ಗುಡ್ಡದ ಬಾರಿಗೆ ಯಾರೂ ಬುಡ ಅಗೆಯುವುದಿಲ್ಲ. ಅಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಆಡು, ಕುರಿ ಮತ್ತು ನಾವು. ಬಿದ್ದ ಬಾರಿ ಎಂದರೆ ಆಡಿಗೆ ಪ್ರಾಣ. ಹಣ್ಣು ನುಂಗಿ, ಸಂಜೆ ಮೆಲುಕು ಹಾಕುವಾಗ ಬೀಜ ಮಾತ್ರ ಉಗುಳುತ್ತದೆ. ಹುಳ ಅದರ ಹೊಟ್ಟೆಯಲ್ಲಿ ಉಳಿಯುವ ಮಾತಿಲ್ಲ. ದನ ಕಾಯುವ ಹುಡುಗರು ಜೇಬು ತುಂಬಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳು ಬುಟ್ಟಿಗಟ್ಟಲೆ ಆರಿಸಿ ತಂದು, ಮಾಳಿಗೆಯ ಮೇಲೆ ಒಣಗಿಸಿ, ಕುಟ್ಟಿ, ಉಪ್ಪು-ಖಾರ-ಬೆಲ್ಲ ಕಲಸಿ ಡಬ್ಬಿಗೆ ತುಂಬುತ್ತಿದ್ದರು. ಸವದತ್ತಿ, ರಾಮದುರ್ಗದ ಗುಡ್ಡಗಳಲ್ಲಿ ತಿರುಗಾಡುವಾಗ ನನಗೆ ಈಗ ಕಾಣುವುದು ಗಿಡದ ಕೆಳಗೆ ಹಾಸಿದಂತೆ ಬಿದ್ದು ಕೊಳೆಯುವ ಹಣ್ಣು. ಆಡು ಕಾಯುವವರ ಮಕ್ಕಳು ಗೋವಾ, ಪುಣೆಗೆ ದುಡಿಯಲು ಹೋಗಿದ್ದಾರೆ, ಉಳಿದವರು ಶಾಲೆಯಲ್ಲಿದ್ದಾರೆ. ಶಾಲೆಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಎದ್ದುಹೋದ ಜಾಗ ಖಾಲಿ ಇದೆ. ಜವಾರಿ ಬಾರಿಯಲ್ಲಿ ಹುಳ ಹೆಚ್ಚಾಗಿದೆ ಎಂದು ಹಿರಿಯರು ಗೊಣಗುವುದನ್ನು ಕೇಳಿದಾಗಲೆಲ್ಲ ನನಗೆ ಕಾರಣ ಇದೇ ಇರಬೇಕು ಅನ್ನಿಸುತ್ತದೆ. ಲೆಕ್ಕ ಹಾಕಿ ತೋರಿಸುವ ಸಾಮಗ್ರಿ ನನ್ನಲ್ಲಿಲ್ಲ, ನೊಣದ ಬಾಳು ತಿಳಿದ ಮೇಲೆ ಹುಟ್ಟಿದ ನಂಬಿಕೆ ಇದು.

ಇದನ್ನು ಅಳೆದು ನೋಡಲು ಬೇಕಾದ ಬುದ್ಧಿವಂತರು ನಮ್ಮ ಸುತ್ತಲೇ ಇದ್ದಾರೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ, ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನದೇ ತೋಟಗಾರಿಕೆ ಕಾಲೇಜು. ತೋಟದ ಬಾರಿಯ ಜೊತೆ ಗುಡ್ಡದ ಬಾರಿಯನ್ನೂ, ಆಡು ಮೇಯುವ ಗುಡ್ಡ ಮೇಯದ ಗುಡ್ಡ ಎರಡನ್ನೂ ಹೋಲಿಸಿ ಒಂದೆರಡು ಹಂಗಾಮು ಹಣ್ಣು ಸೀಳಿ ಎಣಿಸುವ ವಿದ್ಯಾರ್ಥಿಗಳು ಸಿಕ್ಕರೆ ಎಷ್ಟು ಚಂದ.

ಆ ದಿನ ಕೊಳ್ಳದಿಂದ ಮರಳುವಾಗ ಮುದುಕಿಯ ಬುಟ್ಟಿ ಅರ್ಧ ಖಾಲಿಯಾಗಿತ್ತು. ಪಕ್ಕದಲ್ಲಿ ಹರಿದ ಚೀಲದ ಮೇಲೆ ಗುಂಡಿ ಬಿದ್ದ ಹಣ್ಣುಗಳನ್ನು ಬೇರೆ ಆರಿಸಿಟ್ಟಿದ್ದಳು. ಯಾತಕ್ಕೆಂದು ಕೇಳಿದೆ.

“ಆಡಿಗೆ ಹಾಕ್ತೀನಿ. ಇಲ್ಲೇ ಚೆಲ್ಲಿದ್ರ ಬರೋ ವರ್ಷ ಎಲ್ಲಾನೂ ಹುಳಾನೇ.”

ಯಾರು ಹೇಳಿಕೊಟ್ಟರು ಎಂದೆ. ಅವರತ್ತಿ ಹೀಗೇ ಮಾಡುತ್ತಿದ್ದಳಂತೆ. ಮನೆಯಲ್ಲಿ ಈಗ ಎರಡೇ ಆಡು ಉಳಿದಿವೆ, ಮಗ ಅವನ್ನೂ ಮಾರುವ ಮಾತಾಡುತ್ತಿದ್ದಾನೆ ಎಂದು ಹೇಳಿ, ಚೀಲದ ನಾಲ್ಕೂ ತುದಿ ಕೂಡಿಸಿ ಗಂಟು ಹಾಕಿದಳು.